ಬಟ್ಟೆ ಹಿಂಡುವಾಗ ಕುಣಿಯುವ ಯಂತ್ರ: ಕಾರಣ ಮತ್ತು ಪರಿಹಾರ



ಒಂದು ಕಾಲಕ್ಕೆ ಪಟ್ಟಣದ ಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ಬಟ್ಟೆ ಒಗೆಯುವ ಯಂತ್ರ, ಅಂದರೆ ವಾಷಿಂಗ್ ಮೆಷಿನ್, ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಎಷ್ಟೋ ಮನೆಗಳಲ್ಲಿ ಅದು ಹೊಸದಲ್ಲ. ಪಟ್ಟಣದ ನೆಂಟರು ಬಳಸಿ ಕೊಟ್ಟದ್ದು, ಇಲ್ಲವೆ ಕಡಿಮೆ ಬೆಲೆಗೆ ಸಿಕ್ಕ ಹಳೆಯದು. ಇಂಥ ಯಂತ್ರ ಒಗೆಯುವಾಗ ಸುಮ್ಮನಿದ್ದು, ಹಿಂಡುವ ಹೊತ್ತಿಗೆ ಗಡಗಡ ನಡುಗಿ, ಇಟ್ಟ ಜಾಗ ಬಿಟ್ಟು ನಡೆಯತೊಡಗುತ್ತದೆ. ಆಗ ಕೆಲವರು ಅದನ್ನು ಗುಜರಿಗೆ ಹಾಕುತ್ತಾರೆ. ಕೆಲವರು ಮೇಲೆ ಕಲ್ಲು ಹೇರುತ್ತಾರೆ, ಇಲ್ಲವೆ ಕೈಯಿಂದ ಒತ್ತಿ ಹಿಡಿಯುತ್ತಾರೆ. ಮೊದಲನೆಯದು ಹಣಕ್ಕೆ ನಷ್ಟ; ಎರಡನೆಯದು ಪ್ರಾಣಕ್ಕೇ ಅಪಾಯ. ಬಹುಪಾಲು ದೋಷಗಳನ್ನು ಮನೆಯಲ್ಲೇ ಕಂಡುಹಿಡಿಯಬಹುದು.

ನಡುಗುವುದೇಕೆ?

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದರ ಮರ್ಮ ಗೊತ್ತು. ಕಲ್ಲು ಸಣ್ಣದಾದರೂ ತಿರುಗುವಾಗ ಕೈಯನ್ನು ಹೊರಕ್ಕೆ ಎಳೆಯುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಯಂತ್ರದ ತೊಟ್ಟಿಯೂ ಹಾಗೆಯೇ. ಅದು ನಿಮಿಷಕ್ಕೆ 700 ಸುತ್ತು ತಿರುಗುತ್ತಿದೆ ಎನ್ನಿ. ನಡುವಿನಿಂದ 22 ಸೆಂಟಿಮೀಟರ್ ದೂರದಲ್ಲಿ, ಒಂದೇ ಕಡೆ ಅರ್ಧ ಕಿಲೋ ಬಟ್ಟೆ ಹೆಚ್ಚಾಗಿ ಕೂತರೆ, ಅದರ ಎಳೆತ ಸುಮಾರು 60 ಕಿಲೋ ತೂಕಕ್ಕೆ ಸಮ. ಈ ಎಳೆತ ಸೆಕೆಂಡಿಗೆ ಹನ್ನೊಂದು ಹನ್ನೆರಡು ಸಲ ದಿಕ್ಕು ಬದಲಿಸುತ್ತಾ ಸುತ್ತುತ್ತದೆ. ಯಂತ್ರ ಕುಣಿಯದೆ ಇನ್ನೇನು ಮಾಡೀತು?

ಮೊದಲ ಪರೀಕ್ಷೆ: ಬಟ್ಟೆ ತೆಗೆದು ನೋಡಿ

ಬಟ್ಟೆ ಪೂರ್ತಿ ತೆಗೆದು, ಬರಿಯ ತೊಟ್ಟಿಯನ್ನು ಹಿಂಡುವ ವೇಗದಲ್ಲಿ ಒಂದೆರಡು ನಿಮಿಷ ಓಡಿಸಿ. ಬರಿದಾಗಿ ಓಡುವಾಗ ಸುಮ್ಮನಿದ್ದರೆ, ದೋಷ ಹೆಚ್ಚಾಗಿ ಬಟ್ಟೆ ತುಂಬುವ ರೀತಿಯಲ್ಲಿದೆ. ಬರಿದಾಗಿಯೂ ಕುಣಿದರೆ, ನೆಲ, ಕಾಲು ಅಥವಾ ಒಳಭಾಗವನ್ನು ನೋಡಬೇಕು.

ಬಟ್ಟೆ ತುಂಬುವ ಕ್ರಮ

ಗಾಡಿಗೆ ಒಂದೇ ಮಗ್ಗುಲಿಗೆ ಮೂಟೆ ಹೇರುವವರಿಲ್ಲ. ತೊಟ್ಟಿಗೂ ಅದೇ ನ್ಯಾಯ. ಕಂಬಳಿ, ಜಮಖಾನೆಯಂಥ ಭಾರದ ಒಂದೇ ವಸ್ತುವನ್ನು ಹಾಕಿದರೆ ನೀರು ಕುಡಿದು ಒಂದು ಕಡೆಗೆ ಮುದ್ದೆಯಾಗುತ್ತದೆ. ಜೊತೆಗೆ ಒಂದೆರಡು ಟವೆಲ್ ಸೇರಿಸಿ ಎದುರು ಮಗ್ಗುಲಿಗೆ ಇಡಿ. ಸೀರೆ ಪಂಚೆಗಳು ಹಗ್ಗದಂತೆ ಹೆಣೆದುಕೊಂಡಿದ್ದರೆ ಬಿಡಿಸಿ ಹಾಕಿ.

ಎರಡು ತೊಟ್ಟಿಯ ಯಂತ್ರದಲ್ಲಿ ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ ತುಂಬಿ, ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಬಿಲ್ಲೆಯನ್ನು ತಪ್ಪದೆ ಇಡಿ. ಅದಿಲ್ಲದಿದ್ದರೆ ಕರವಸ್ತ್ರದಂಥ ಸಣ್ಣ ಬಟ್ಟೆ ಹಾರಿ ತೊಟ್ಟಿಯ ಹೊರಗಿನ ಸಂದಿಗೆ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿದ ಒಂದು ಕಾಲುಚೀಲವೂ ಯಂತ್ರವನ್ನು ಅಲುಗಿಸಬಲ್ಲದು.

ನೆಲ ಮತ್ತು ಕಾಲು

ಪಂಪ್‌ಸೆಟ್ಟಿಗೆ ಭದ್ರವಾದ ತಳಪಾಯ ಹಾಕುವುದೇಕೆಂದು ನಿಮಗೆ ಹೇಳಬೇಕಿಲ್ಲ. ಬಟ್ಟೆಯ ಯಂತ್ರಕ್ಕೂ ಗಟ್ಟಿ ನೆಲವೇ ಬೇಕು. ಮಣ್ಣಿನ ನೆಲ, ಅಲುಗುವ ಹಾಸುಗಲ್ಲು, ಮರದ ಹಲಗೆ, ಇಟ್ಟಿಗೆ ಜೋಡಿಸಿದ ಕಟ್ಟೆ ಇವು ತಕ್ಕವಲ್ಲ. ಕಾಂಕ್ರೀಟಿನ ನೆಲ ಉತ್ತಮ.

ಪ್ಲಗ್ ತೆಗೆದು, ಯಂತ್ರದ ಎದುರುಬದುರಿನ ಮೂಲೆಗಳನ್ನು ಒಂದಾದ ಮೇಲೊಂದು ಒತ್ತಿ ನೋಡಿ. ಅಲ್ಲಾಡಿದರೆ ಒಂದು ಕಾಲು ನೆಲ ಮುಟ್ಟಿಲ್ಲ. ತಿರುಗಿಸಿ ಏರಿಸಿ ಇಳಿಸುವ ಕಾಲುಗಳಿದ್ದರೆ, ಗಾರೆ ಕೆಲಸದವರ ರಸಮಟ್ಟವನ್ನು ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ಸರಿಮಾಡಿ. ಮಟ್ಟ ಬಂದ ಮೇಲೆ ಕಾಲಿನ ನಟ್ಟನ್ನು ಸ್ಪ್ಯಾನರಿನಿಂದ ಬಿಗಿಯಿರಿ. ಇಲ್ಲವಾದರೆ ನಡುಕಕ್ಕೆ ಕಾಲು ಮತ್ತೆ ತಿರುಗುತ್ತದೆ. ಕಾಲಿನ ರಬ್ಬರು ಸವೆದು ಜಾರುತ್ತಿದ್ದರೆ ಹೊಸದು ಹಾಕಿಸಿ. ರಬ್ಬರು ಜಾರುವುದನ್ನು ತಡೆಯುತ್ತದೆಯೇ ಹೊರತು ಒಳಗಿನ ದೋಷವನ್ನು ವಾಸಿಮಾಡುವುದಿಲ್ಲ.

ಮುಂದಿನಿಂದ ಬಟ್ಟೆ ಹಾಕುವ ಯಂತ್ರವಾದರೆ ಇನ್ನೊಂದು ಮಾತು. ಸಾಗಿಸುವಾಗ ತೊಟ್ಟಿ ಅಲುಗದಿರಲೆಂದು ಹಿಂಭಾಗದಲ್ಲಿ ಉದ್ದದ ಬೋಲ್ಟುಗಳನ್ನು ಹಾಕಿರುತ್ತಾರೆ. ಓಡಿಸುವ ಮೊದಲು ಅವನ್ನು ತೆಗೆಯಲೇಬೇಕು. ತೆಗೆದು ಎತ್ತಿಡಿ, ಮನೆ ಬದಲಿಸುವಾಗ ಮತ್ತೆ ಬೇಕಾಗುತ್ತವೆ.

ಒಳಗಿನ ದೋಷಗಳು

ಮೇಲಿನಿಂದ ಬಟ್ಟೆ ಹಾಕುವ ಒಂದೇ ತೊಟ್ಟಿಯ ಯಂತ್ರದಲ್ಲಿ ತೊಟ್ಟಿ ನಾಲ್ಕು ಮೂಲೆಗಳಿಂದ ಸ್ಪ್ರಿಂಗ್ ಇರುವ ಸರಳುಗಳಲ್ಲಿ ತೂಗಾಡುತ್ತಿರುತ್ತದೆ. ಬರಿಯ ತೊಟ್ಟಿಯನ್ನು ಕೆಳಕ್ಕೆ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ಹಲವು ಸಲ ತೂಗಾಡಿದರೆ ಅಥವಾ ಒಂದು ಕಡೆಗೆ ವಾಲಿದ್ದರೆ ಸರಳು ಕೆಟ್ಟಿದೆ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಲೇಸು. ಹಳೆಯ ಮೂರರ ಜೊತೆ ಹೊಸದೊಂದನ್ನು ಹಾಕಿದರೆ ಸಮತೂಕ ಬರುವುದು ಕಷ್ಟ. ಇಂಥ ತೊಟ್ಟಿಯ ಬಾಯಿಯ ಬಳಿ ಉಪ್ಪುನೀರು ತುಂಬಿದ ಬಳೆಯೂ ಇರುತ್ತದೆ. ತೂಕವನ್ನು ಸರಿದೂಗಿಸುವುದು ಅದರ ಕೆಲಸ. ಅದು ಸೀಳಿ ನೀರು ಸೋರಿಹೋದರೆ ಎಷ್ಟು ಸಮನಾಗಿ ಬಟ್ಟೆ ಹಾಕಿದರೂ ನಡುಕ ನಿಲ್ಲದು.

ಎರಡು ತೊಟ್ಟಿಯ ಯಂತ್ರದಲ್ಲಿ ಹಿಂಡುವ ಮೋಟಾರು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಒಂದು ಮುರಿದರೂ ತೊಟ್ಟಿ ವಾರೆಯಾಗಿ ಅಂಚಿಗೆ ಬಡಿಯುತ್ತದೆ. ಮುಂದಿನ ಬಾಗಿಲಿನ ಯಂತ್ರದಲ್ಲಿ ನಡುಕ ಹೀರುವ ಡ್ಯಾಂಪರುಗಳು ಸವೆಯುತ್ತವೆ. ಭಾರಕ್ಕಾಗಿ ಇಟ್ಟ ಕಾಂಕ್ರೀಟ್ ತುಂಡಿನ ಬೋಲ್ಟು ಸಡಿಲವಾಗುತ್ತದೆ.

ನಡುಕದ ಜೊತೆಗೆ ಹಿಟ್ಟಿನ ಗಿರಣಿಯಂತೆ ಗರ್ಜನೆ ಕೇಳಿ, ಅಡಿಯಲ್ಲಿ ತುಕ್ಕಿನ ನೀರು ಕಂಡರೆ ಬೇರಿಂಗ್ ಹಾಳಾಗಿರಬಹುದು. ಅದನ್ನು ಬದಲಿಸಲು ತೊಟ್ಟಿಯನ್ನೇ ಬಿಚ್ಚಬೇಕಾಗುವುದರಿಂದ ಮೆಕ್ಯಾನಿಕ್ಕಿನ ಕೈಗೆ ಕೊಡಿ. ಮೊದಲೇ ಖರ್ಚು ಕೇಳಿ, ಯಂತ್ರದ ಬೆಲೆಗೆ ತೂಗಿ ನೋಡಿ ತೀರ್ಮಾನಿಸಿ.

ಪ್ರಾಣಕ್ಕಿಂತ ಬಟ್ಟೆ ದೊಡ್ಡದಲ್ಲ

ನಡೆಯುವ ಯಂತ್ರ ತನ್ನ ವಯರನ್ನೇ ಎಳೆದು ಕೀಳಬಹುದು, ನೀರಿನ ಕೊಳವೆಯನ್ನೂ ಬಿಚ್ಚಬಹುದು. ಒದ್ದೆ ನೆಲದಲ್ಲಿ ಸುಲಿದ ವಯರು ಮೃತ್ಯುವೇ ಸರಿ. ಆದ್ದರಿಂದ ಇವನ್ನು ತಪ್ಪದೆ ಪಾಲಿಸಿರಿ:

1. ಯಂತ್ರವನ್ನು ಮುಟ್ಟಿ ಪರೀಕ್ಷಿಸುವ ಮುನ್ನ ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು.

2. ಮೂರು ಪಿನ್ನಿನ ಪ್ಲಗ್ ಇರಲಿ, ಅರ್ತಿಂಗ್ ಸರಿಯಾಗಿರಲಿ. 30 ಮಿಲಿಆಂಪಿಯರಿಗೆ ಸಂಪರ್ಕ ಕಡಿಯುವ ಸೋರಿಕೆ ರಕ್ಷಕ ಸ್ವಿಚ್ಚನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿರಿ.

3. ತೊಟ್ಟಿ ಪೂರ್ತಿ ನಿಲ್ಲುವ ತನಕ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮುಚ್ಚಳ ತೆಗೆದ ಮೇಲೂ ತೊಟ್ಟಿ ತಿರುಗುತ್ತಲೇ ಇದ್ದರೆ ಬ್ರೇಕು ಕೆಟ್ಟಿದೆ. ರಿಪೇರಿಯಾಗುವ ತನಕ ಬಳಸಬೇಡಿ.

4. ಯಂತ್ರದ ಅಡಿಯ ತೆರೆದ ಭಾಗಕ್ಕೆ ಇಲಿ ನುಗ್ಗದಂತೆ ಜಾಲರಿ ಹಾಕಿಸಿರಿ. ಇಲಿ ಕಡಿದ ವಯರಿಗೆ ಟೇಪು ಸುತ್ತಿ ಸುಮ್ಮನಾಗದೆ ಬದಲಿಸಿರಿ.

ಮೊದಲು ಬಟ್ಟೆ, ಆಮೇಲೆ ನೆಲ, ಆಮೇಲೆ ಕಾಲು, ಕೊನೆಗೆ ಒಳಭಾಗ: ಈ ಕ್ರಮದಲ್ಲಿ ನೋಡುತ್ತ ಬನ್ನಿ. ಮೊದಲ ಮೂರಕ್ಕೆ ಖರ್ಚು ಅತ್ಯಲ್ಪ. ನಾಲ್ಕನೆಯದಕ್ಕೆ ಮೆಕ್ಯಾನಿಕ್ಕನ್ನು ಕರೆಯಬೇಕಾದರೂ, ಏನೇನು ನೋಡಿದ್ದೀರಿ ಎಂದು ನೀವೇ ಹೇಳಬಲ್ಲಿರಿ. ಆಗ ಬೇಡದ ರಿಪೇರಿಗೆ ಹಣ ತೆರುವ ಪ್ರಸಂಗ ಬಾರದು. ಮನೆಯ ಹೆಂಗಸರ ಬೆನ್ನಿನ ಭಾರ ಇಳಿಸಿದ ಯಂತ್ರವೂ ಇನ್ನಷ್ಟು ವರ್ಷ ದುಡಿದೀತು.