ಚಿನ್ನದ ಮರಕ್ಕೆ ಬಿಸಿಲು, ಬೆಳ್ಳಿ ಮರಕ್ಕೆ ಕತ್ತರಿ!

ಬಣ್ಣದ ಎಲೆಗೆ ಮರುಳಾಗದವರು ಯಾರು ಸ್ವಾಮಿ? ಅಂಗಡಿ ಕಟ್ಟೆಯ ಮೇಲೊಂದು ಕ್ರೋಟನ್ ಕುಂಡ, ಗಲ್ಲಾಪೆಟ್ಟಿಗೆಯ ಹಿಂದೆ ಬಾಟಲಿಯಲ್ಲೊಂದು ಮನಿಪ್ಲಾಂಟ್. ಎಲೆಯ ಮೇಲೆ ಬಿಳಿ ಪಟ್ಟೆ ಇದ್ದರಂತೂ ನೆರೆಮನೆಯವರು ಒಂದು ತುಂಡು ಕೇಳಿ ಒಯ್ಯದೆ ಬಿಡುವುದಿಲ್ಲ. ಇದೇ ಹುಚ್ಚು ಚಳಿ ದೇಶದವರಿಗೆ ನೂರಡಿ ದಾಟಿ ಬೆಳೆಯುವ ಮರದ ಮೇಲೇ ಹತ್ತಿದೆ. ಅಮೆರಿಕಕ್ಕೋ ಇಂಗ್ಲೆಂಡಿಗೋ ಮಗಳ ಮನೆಗೆ ಹೋಗಿ ಬಂದವರು, ಯಾರದೋ ಹಿತ್ತಲಲ್ಲಿ ಅರಿಶಿನ ಎರಚಿದಂತೆ ನಿಂತ ಸೂಜಿ ಎಲೆಯ ಮರ ಕಂಡಿದ್ದರೆ, ಅದು ಡಾನ್ ರೆಡ್‌ವುಡ್ ಇದ್ದೀತು.

ಈ ಮರದ ಕಥೆ ಸತ್ತವನು ಎದ್ದು ಬಂದ ಕಥೆಯೇ ಸೈ. 1941ರಲ್ಲಿ ಜಪಾನಿನ ಶಿಗೆರು ಮಿಕಿ ಎಂಬ ವಿಜ್ಞಾನಿ ಕಲ್ಲಾಗಿ ಉಳಿದಿದ್ದ ಎಲೆ-ಕಾಯಿಗಳನ್ನು ನೋಡಿ ಇದಕ್ಕೆ ಮೆಟಾಸೆಕ್ವೋಯ ಅಂತ ಹೆಸರಿಟ್ಟರು. ಲಕ್ಷಾಂತರ ವರ್ಷದ ಹಿಂದೆಯೇ ಅಳಿದ ವಂಶ ಅಂತ ತೀರ್ಮಾನವೂ ಆಯಿತು. ವಿಚಿತ್ರ ನೋಡಿ, ಅದೇ ವರ್ಷ ಚೀನಾದ ಮೋದಾವೋಶಿ ಎಂಬ ಹಳ್ಳಿಯಲ್ಲಿ ಗಾನ್ ಡುವೋ ಎಂಬ ಅರಣ್ಯ ಪಂಡಿತರ ಕಣ್ಣಿಗೆ ಒಂದು ಭಾರಿ ಮರ ಬಿತ್ತು. ಮರದ ಬುಡದಲ್ಲಿ ಪುಟ್ಟ ಗುಡಿ. ಊರವರು ಅದನ್ನು ನೀರಿನ ಮರ ಅಂತಲೇ ಕರೆಯುತ್ತಿದ್ದರು. 1943ರಲ್ಲಿ ವಾಂಗ್ ಝಾನ್ ಅದರ ಎಲೆ, ಕಾಯಿ ತಂದರು. ಕಲ್ಲಿನಲ್ಲಿ ಸತ್ತಿದ್ದ ಮರವೂ ಇದೂ ಒಂದೇ ವಂಶ ಅಂತ ಗೊತ್ತಾಗಿ, 1948ರಲ್ಲಿ ಹೂ ಶಿಯಾನ್‌ಸು ಮತ್ತು ಝೆಂಗ್ ವಾನ್‌ಜುನ್ ಅದರ ಪೂರ್ತಿ ಹೆಸರು ಪ್ರಕಟಿಸಿದರು. ಬೀಜ ತರಿಸಲು ಬೋಸ್ಟನ್ನಿನ ಆರ್ನಾಲ್ಡ್ ಸಸ್ಯತೋಟದ ಮೆರಿಲ್ ಸಾಹೇಬರು ಕಳಿಸಿದ್ದು ಬರೀ 250 ಡಾಲರ್! ಅಷ್ಟರಲ್ಲೇ ಜಗತ್ತಿನ ತೋಟಗಳಿಗೆಲ್ಲ ಬೀಜ ಹಂಚಿಕೆಯಾಯಿತು.

ಹುಟ್ಟೂರಿನ ಕಥೆ ಮಾತ್ರ ಅಷ್ಟು ಸಲೀಸಲ್ಲ. ಅಲ್ಲಿ ತಾನಾಗಿ ಬೆಳೆದ ಹಳೆಯ ಮರಗಳು ಐದು ಸಾವಿರದ ಚಿಲ್ಲರೆ ಉಳಿದಿವೆ. ಸುತ್ತ ಗದ್ದೆ, ಮನೆ. ಬಿದ್ದ ಬೀಜ ಮೊಳೆತು ಮೇಲೇಳಲು ಜಾಗವೇ ಸಿಗದು.

ಇನ್ನು ಬಣ್ಣದ ವಿಚಾರ. ಚಿನ್ನದ ಜಾತಿ ಹುಟ್ಟಿದ್ದು ಜಪಾನಿನಲ್ಲಿ, 1970ರ ದಶಕದಲ್ಲಿ. ಬೀಜಕ್ಕೆ ಎಕ್ಸ್-ರೇ ಹಾಯಿಸಿ ಬೆಳೆಸಿದ ಸಸಿಗಳ ನಡುವೆ ಒಂದು ಹಳದಿಯಾಗಿ ಎದ್ದಿತು. ಅಲ್ಲಿ ಅದು ‘ಓಗೋನ್’, ಅಂದರೆ ಚಿನ್ನ. 1990ರ ದಶಕದಲ್ಲಿ ಹಾಲೆಂಡಿನ ನರ್ಸರಿಯವರ ಕೈ ಸೇರಿ ‘ಗೋಲ್ಡ್ ರಷ್’ ಅಂತ ಮಾರಾಟವಾಯಿತು. ವ್ಯಾಪಾರಿ ಬುದ್ಧಿ ಎಲ್ಲಿದ್ದರೂ ಒಂದೇ! ಇದರ ಬೀಜ ಬಿತ್ತಿದರೆ ಚಿನ್ನವೇ ಬರುತ್ತದೆಂದು ನಂಬುವಂತಿಲ್ಲ. ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಬೆಳೆಸಬೇಕು.

ಚಿನ್ನದ ಗಿಡಕ್ಕೆ ಬಿಸಿಲು ಬೇಕೇಬೇಕು. ನೆರಳಲ್ಲಿ ಇಟ್ಟಿರೋ, ಹಳದಿ ಹೋಗಿ ಪಾಚಿ ಬಣ್ಣ. ಬಿಸಿಲಿದ್ದು ಬೇರಿಗೆ ನೀರಿಲ್ಲದಿದ್ದರೆ ಎಲೆಯ ತುದಿ ಸುಟ್ಟಂತಾಗುತ್ತದೆ. ಹೆಸರೇ ನೀರಿನ ಮರವಲ್ಲವೇ! ಚಳಿಗಾಲವೂ ಬೇಕು, ಆದ್ದರಿಂದ ನಮ್ಮ ಬಯಲುಸೀಮೆಯವರು ಆಸೆ ಪಡದಿರುವುದೇ ವಾಸಿ.

ಬಿಳಿ ಮಚ್ಚೆಯ ಜಾತಿಗಳದು ಬೇರೆಯೇ ಗೋಳು. ‘ವೈಟ್ ಸ್ಪಾಟ್’ ಅಂತ ಒಂದುಂಟು, ಎಲೆ ಎಲೆಗೂ ಸುಣ್ಣ ಚಿಮುಕಿಸಿದಂತೆ. ಬಿಳಿ ಇದ್ದಲ್ಲಿ ಪತ್ರಹರಿತ್ತು ಇಲ್ಲ, ಅಂದರೆ ಆ ಭಾಗ ಅಡಿಗೆ ಮಾಡದೆ ಕೂತು ಉಣ್ಣುವ ನೆಂಟ. ನಡುವೆ ಎಲ್ಲೋ ಒಂದು ಪೂರಾ ಹಸಿರು ಚಿಗುರು ಹೊರಟಿತೋ, ಅದೇ ಗಟ್ಟಿಗ. ದುಡಿದು, ತಿಂದು, ಎರಡು ಮೂರು ವರ್ಷದಲ್ಲಿ ಬಿಳಿ ಕೊಂಬೆಗಳನ್ನೆಲ್ಲ ಮೀರಿ ಬೆಳೆಯುತ್ತದೆ. ದುಬಾರಿ ಹಣ ಕೊಟ್ಟು ತಂದವನ ಪಾಲಿಗೆ ಕೊನೆಗೆ ಮಾಮೂಲಿ ಹಸಿರು ಮರ! ಹಸಿರು ಟೊಂಗೆ ಕಂಡ ದಿನವೇ ಬುಡಕ್ಕೆ ಕತ್ತರಿ ಹಾಕಬೇಕು. ಅಯ್ಯೋ, ಚೆನ್ನಾಗಿ ಚಿಗುರಿದೆಯಲ್ಲ ಅಂತ ಕನಿಕರಪಟ್ಟರೆ ಕೆಟ್ಟಿರಿ.

ಜಾಗ ಕಡಿಮೆ ಇದ್ದವರಿಗೆ ‘ನಾರ್ತ್ ಲೈಟ್’ ಎಂಬ ಕುಳ್ಳ ಜಾತಿ ಇದೆ, ಜರ್ಮನಿಯದು. ಬಿಳಿ ಬಣ್ಣದ ಪೊದೆಯಂತೆ ಕುಂಡದಲ್ಲೂ ಕೂರುತ್ತದೆ. ಉಳಿದವನ್ನು ಮನೆ ಗೋಡೆಯಿಂದ, ಚರಂಡಿಯಿಂದ ದೂರ ನೆಡುವುದು ಲೇಸು. ಇಂದು ಮೊಣಕಾಲುದ್ದದ ಗಿಡ ನಾಳೆ ಮಾಳಿಗೆ ದಾಟುತ್ತದೆ.

ಇನ್ನೊಂದು ಎಡವಟ್ಟು. ಸೂಜಿ ಎಲೆಯ ಮರಗಳು ಸಾಮಾನ್ಯವಾಗಿ ವರ್ಷವಿಡೀ ಹಸಿರು. ಇದು ಹಾಗಲ್ಲ. ಚಳಿಗಾಲ ಬರುತ್ತಲೇ ಕಿತ್ತಳೆ ಬಣ್ಣಕ್ಕೆ ತಿರುಗಿ ಎಲೆಯನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಗಿಡ ಸತ್ತೇ ಹೋಯಿತೆಂದು ಬುಡ ಕಡಿಯಲು ಹೊರಡುವವರಿದ್ದಾರೆ. ತಡೆಯಿರಿ! ಟೊಂಗೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿದರೆ ಸಾಕು. ಒಳಗೆ ಹಸಿ ಹಸಿರು ಕಂಡರೆ ವಸಂತದ ತನಕ ಕೊಡಲಿಯನ್ನು ಅಟ್ಟದ ಮೇಲೇ ಇಡಬಹುದು.