ಮುಖ್ಯ ಶಿಕ್ಷಕರ ಕೈಯಲ್ಲಿ ಏನಿದೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಧುಗಿರಿಯಲ್ಲಿ ಉಪನಿರ್ದೇಶಕರು, ತಾಲ್ಲೂಕಿಗೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಕ್ಲಸ್ಟರಿಗೊಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇದ್ದಾರೆ. ಆದರೆ ಹಳ್ಳಿಯ ಶಾಲೆಯ ಸಹಶಿಕ್ಷಕರ ಪಾಲಿಗೆ ಇಲಾಖೆಯೆಂದರೆ ದಿನಾ ಕಣ್ಣೆದುರಿಗಿರುವ ಮುಖ್ಯ ಶಿಕ್ಷಕರೇ.

ಕೈಯಲ್ಲಿಲ್ಲದ್ದು, ಇರುವುದು

ಸಂಬಳ ಹೆಚ್ಚಿಸುವುದು ಮುಖ್ಯ ಶಿಕ್ಷಕರಿಂದಾಗದು. ಅದು ವೇತನ ಆಯೋಗದ ವಿಚಾರ. ವರ್ಗಾವಣೆ 2020ರ ಕಾಯ್ದೆಯಂತೆ ಕೌನ್ಸೆಲಿಂಗ್‌ನಲ್ಲಿ ನಡೆಯುತ್ತದೆ. ಹಾಗಿದ್ದರೆ ಅವರಿಗೆ ಉಳಿದದ್ದೇನು? ಕೆಲಸ ಹಂಚುವುದು, ರಜೆಯಲ್ಲಿ ನ್ಯಾಯ ನೋಡುವುದು, ಮಾತಿಗೆ ಕಿವಿಗೊಡುವುದು, ಒಳ್ಳೆಯ ಪಾಠವನ್ನು ಗುರುತಿಸುವುದು. ಇವು ಸಣ್ಣವಲ್ಲ. ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದೂ ಇದನ್ನೇ. ಸಂಬಳ, ನಿಯಮ, ಮೇಲ್ವಿಚಾರಣೆ ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಅವು ಸರಿಯಿದ್ದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆಗಳಿಂದ.

ಮೂರು ಬಗೆಯ ನಾಯಕತ್ವ

ಜೂನ್ ತಿಂಗಳ ಸಿಬ್ಬಂದಿ ಸಭೆಯನ್ನು ನೋಡಿ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಆನ್‌ಲೈನ್ ಎಸ್‌ಎಟಿಎಸ್‌ಗೆ ವಿದ್ಯಾರ್ಥಿಗಳ ಮಾಹಿತಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿ, ಇವನ್ನೆಲ್ಲ ಯಾರು ನೋಡಿಕೊಳ್ಳಬೇಕು? ಒಬ್ಬ ಮುಖ್ಯ ಶಿಕ್ಷಕರು ಪಟ್ಟಿ ಓದಿ ಸಹಿ ಹಾಕಿಸುತ್ತಾರೆ. ಇನ್ನೊಬ್ಬರು 'ನೀವೇ ನೋಡ್ಕೊಳ್ಳಿ' ಎಂದು ಎದ್ದುಬಿಡುತ್ತಾರೆ. ಕೊನೆಗೆ ಎಲ್ಲ ಹೊರೆಯೂ ಕಂಪ್ಯೂಟರ್ ಬಲ್ಲ ಕಿರಿಯ ಶಿಕ್ಷಕಿಯ ತಲೆಗೆ ಬೀಳುತ್ತದೆ. ಮತ್ತೊಬ್ಬರು 'ಮೇಡಂ, ಹೋದ ವರ್ಷ ಬಿಸಿಯೂಟದ ಲೆಕ್ಕ ನಿಮ್ಮದಿತ್ತು, ಈ ಸಲ ಯಾರಿಗೆ ಕೊಡೋಣ?' ಎಂದು ಕೇಳಿ, ಸರದಿಯನ್ನು ಗೊತ್ತುಮಾಡಿ, ತಾವೂ ಒಂದು ಕೆಲಸ ಹೊರುತ್ತಾರೆ.

ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲಕರ ಗುಂಪುಗಳಲ್ಲಿ ಈ ಮೂರು ರೀತಿಗಳನ್ನೇ ಪರೀಕ್ಷಿಸಿದ್ದರು. ಸರ್ವಾಧಿಕಾರದ ಗುಂಪಿನಲ್ಲಿ ನಾಯಕ ಹೊರಗೆ ಹೋದೊಡನೆ ಕೆಲಸ ಕುಗ್ಗುತ್ತಿತ್ತು. ಪ್ರಜಾಸತ್ತೆಯ ಗುಂಪಿನಲ್ಲಿ ನಡೆದೇ ಇರುತ್ತಿತ್ತು. ಮುಖ್ಯ ಶಿಕ್ಷಕರು ಬಿಇಒ ಕಚೇರಿಗೆ ಹೋದ ದಿನ ಶಾಲೆ ಹೇಗೆ ನಡೆಯುತ್ತದೆಂಬುದೇ ಅವರ ನಾಯಕತ್ವದ ಅಳತೆ.

ಎಲ್ಲಕ್ಕೂ ಚರ್ಚೆ ಬೇಕೆಂದಲ್ಲ. ಅಡುಗೆಮನೆಯ ಶುಚಿತ್ವ, ಮಕ್ಕಳ ಸುರಕ್ಷತೆ, ಹಣದ ಲೆಕ್ಕದಲ್ಲಿ ಖಡಾಖಂಡಿತ ಮಾತೇ ಸರಿ.

ಗಡಿಯ ಶಾಲೆಯಲ್ಲಿ

ಪಾವಗಡಕ್ಕೆ ಮೂರು ಕಡೆ ಆಂಧ್ರಪ್ರದೇಶ. ಅಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ಬೇರೆ ಜಿಲ್ಲೆಯಿಂದ ಬಂದು, ತೆಲುಗು ಬಾರದೆ ಒಂದನೇ ತರಗತಿಗೆ ನಿಂತ ಶಿಕ್ಷಕರು ವರ್ಗಾವಣೆಯ ದಿನ ಎಣಿಸತೊಡಗಿದರೆ ಅಚ್ಚರಿಯಿಲ್ಲ. ಮೊದಲ ತಿಂಗಳುಗಳಲ್ಲಿ ಸ್ಥಳೀಯ ಶಿಕ್ಷಕರೊಬ್ಬರನ್ನು ಜೊತೆಗೆ ಕೊಟ್ಟರೆ ಹೊಸಬರು ಊರಿನಲ್ಲಿ ನೆಲೆ ನಿಲ್ಲಲು ದಾರಿಯಾಗುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ, ಶಿಕ್ಷಕರ ಮೇಲೆ ನಂಬಿಕೆ ಸಾಕು.

ಶಿಕ್ಷಕರನ್ನು ನಂಬಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು, ತಾವೇ ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. 'ನಲಿ-ಕಲಿ' ಎಂಬ ಆ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ಬಂತು.

ಮೇಲಿನಿಂದಲೇ ಆಗಬೇಕು

ಮೇಲಧಿಕಾರಿಗಳ ಸಭೆಯಲ್ಲಿ ಎಲ್ಲರೆದುರು ಬೈಸಿಕೊಂಡು ಬಂದ ಮುಖ್ಯ ಶಿಕ್ಷಕರು ಆ ಸಿಟ್ಟನ್ನು ಶಾಲೆಗೂ ಹೊತ್ತು ತರುತ್ತಾರೆ. ತಪ್ಪನ್ನು ಒಬ್ಬರನ್ನೇ ಕರೆದು ಹೇಳಿ, ಒಳ್ಳೆಯದನ್ನು ಸಭೆಯಲ್ಲಿ ಹೇಳುವ ಅಧಿಕಾರಿಯಿಂದ ಅವರೂ ಅದನ್ನೇ ಕಲಿಯುತ್ತಾರೆ. ಶಿಕ್ಷಕರ ತೃಪ್ತಿ ಬೇಕೆನ್ನುವ ಇಲಾಖೆ ಮೊದಲು ಮುಖ್ಯ ಶಿಕ್ಷಕರನ್ನು ಗೌರವದಿಂದ ನಡೆಸಿಕೊಳ್ಳಲಿ.