ಒರಗಿದ ಒಣಮರ ಇಳಿಸುವುದು

ಕಡಿದ ಒಣಮರ ನೆಲಕ್ಕೆ ಬೀಳದೆ ಪಕ್ಕದ ಹಲಸಿನ ಕವಲಿಗೆ ಸಿಕ್ಕಿಕೊಂಡರೆ ಅದರಡಿಗೆ ಹೋಗಲೇಬೇಡಿ. ಒಂದು ಗಾಳಿ ಸಾಕು, ಜಾರೀತು. ಒಣಗೆಲ್ಲು ಮುರಿದು ತಲೆ ಮೇಲೆ ಬಿದ್ದೀತು.

ಆಧಾರದ ಹಲಸನ್ನೇ ಕಡಿಯುವುದು, ಹತ್ತಿ ಗೆಲ್ಲು ಸವರುವುದು ಎರಡೂ ಜೀವಕ್ಕೆ ಮುಳುವು. ಬುಡದಿಂದ ತುಂಡು ತುಂಡಾಗಿ ಕೊಯ್ದರೂ ಮರ ಎತ್ತ ಮಗುಚೀತೆಂದು ಹೇಳಲಾಗದು.

ಬುಡ ಕುತ್ತಿಯಿಂದ ಪೂರ್ತಿ ಬಿಟ್ಟಿದ್ದರೆ ಎಳೆಯುವುದೇ ಲೇಸು. ಬದಿಯಿಂದ ಹೋಗಿ ಬುಡಕ್ಕೆ ದಪ್ಪ ಹಗ್ಗ ಬಿಗಿಯಿರಿ. ತುದಿ ಒರಗಿದ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ ಎಳೆಯಬೇಕು. ಬುಡ ಸರಿದಂತೆ ತುದಿ ಕಳಚಿ ಕೆಳಗಿಳಿಯುತ್ತದೆ. ಹಗ್ಗ ಮರದ ಎರಡು ಪಾಲು ಉದ್ದವಿರಲಿ. ಬಿಗಿಯಾದ ಹಗ್ಗದ ಬಳಿ ಯಾರೂ ನಿಲ್ಲಬಾರದು; ತುಂಡಾದರೆ ಚಾಟಿಯಂತೆ ಬಡಿಯುತ್ತದೆ.

ಜಗ್ಗದಿದ್ದರೆ ಹಟ ಬೇಡ. ಸುತ್ತ ಬೇಲಿ ಕಟ್ಟಿ, ಆಳುಗಳಿಗೂ ನೆರೆಯವರಿಗೂ ಹೇಳಿ, ಅನುಭವಸ್ಥರನ್ನು ಕರೆಸಿ.